ಒಂಬತ್ತನೇ ಖಾನೆ

ಹನುಮಂತನಗರ, ಬೆಂಗಳೂರು
ಜನವರಿ 23

ಚಿ. ಮೇಘಾಳಿಗೆ ಅಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯೋದು ವಾಡಿಕೆ. ನಿಮ್ಮಮ್ಮ ಚಿತ್ರಸಂತೆಯ ದಿನದಿಂದ ಕಾಫಿ ಲೋಟ ತಂದು, ಮಾತಿಲ್ಲದೆ ಟೇಬಲ್ ಮೇಲೆ ಕುಕ್ಕಿ ಹೋಗ್ತಿದ್ದಾಳೆ. ಅದೊಂದು ಬಿಟ್ಟರೆ ಕ್ಷೇಮವೇ. ನಾನು ಕಳಿಸಿದ ನಾಲ್ಕು ಮೆಸೇಜಿಗೂ ನೀಲಿ ಗೆರೆ ಬಂದಿದೆ, ಉತ್ತರ ಬಂದಿಲ್ಲ. ಕಾಗದವಾದರೆ ನೀನು ಓದಿದೆಯೋ ಹಾಗೇ ಎತ್ತಿಟ್ಟೆಯೋ ನನಗೆ ಗೊತ್ತಾಗೋದಿಲ್ಲ. ಅದಕ್ಕೇ ಬರೀತಿದ್ದೀನಿ.

ಶಿವಾನಂದ ಸರ್ಕಲ್‌ನಲ್ಲಿ ನಿಂತು ನಾವಿಬ್ಬರೂ ಆಡಿದ್ದನ್ನ ಇಲ್ಲಿ ಮತ್ತೆ ಎತ್ತಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ಕಬ್ಬಿನ ಹಾಲಿನವನಿಗೂ ನೆನಪಿರಬೇಕು, ಪಾಪ, ಲೋಟ ಹಿಡಕೊಂಡೇ ನಿಂತುಬಿಟ್ಟಿದ್ದ. ಮಾರನೇ ಬೆಳಗ್ಗೆ ನೀನು ಮೈಸೂರಿನ ರೈಲು ಹತ್ತಿದ್ದನ್ನೂ ಬರೆಯಲ್ಲ. ನಾನು ಬರೀಬೇಕಾಗಿರೋದು ಅದಕ್ಕೂ ಮುಂಚಿನ ಇಪ್ಪತ್ತು ನಿಮಿಷದ್ದು. ನೀನು ಚುರುಮುರಿ ತರ್ತೀನಿ ಅಂತ ಎದ್ದು ಹೋದೆಯಲ್ಲ, ಆ ಇಪ್ಪತ್ತು ನಿಮಿಷ.

ನೀನು ಎದ್ದು ಹೋಗೋ ಮುಂಚೆ ಹೇಳಿದ್ದು ಒಂದೇ ಮಾತು. ‘ಅಪ್ಪಾ, ಯಾರಾದ್ರೂ ದುಡ್ಡು ಕೊಟ್ಟರೆ ತಗೋಬೇಡ.’ ನೀನು ಚಿತ್ರ ಬರೆದ ಪುಟ್ಟ ಕಾರ್ಡುಗಳ ಎದುರಿಗೆ ಬೋರ್ಡೂ ಇತ್ತು, ನೀನೇ ಬರೆದಿದ್ದು: ‘ಮಾರಾಟಕ್ಕಿಲ್ಲ. ನಿಮ್ಮದೊಂದು ಕೊಡಿ, ನನ್ನದೊಂದು ತಗೊಳ್ಳಿ.’ ಕಾರ್ಡ್ ಇಲ್ಲದೆ ಬಂದವರು ಕೂತು ಬರೀಲಿ ಅಂತ ಖಾಲಿ ಕಾರ್ಡು, ಸ್ಕೆಚ್ ಪೆನ್ನು, ಎರಡು ಪ್ಲಾಸ್ಟಿಕ್ ಸ್ಟೂಲು. ಬೆಳಗ್ಗೆ ಒಬ್ಬ ಹುಡುಗ ಬಿಎಂಟಿಸಿ ಬಸ್ಸು ಬರೆದುಕೊಟ್ಟು ನಿನ್ನ ಗುಬ್ಬಚ್ಚಿ ಒಯ್ದನಲ್ಲ. ಆ ಬಸ್ಸಿಗೆ ಐದು ಚಕ್ರ. ನೀನು ಅದನ್ನ ತಗೊಂಡು ಹಿಗ್ಗಿದ ಹಾಗೆ ಮೊದಲ ಸಂಬಳ ತಂದ ದಿನವೂ ಹಿಗ್ಗಿರಲಿಲ್ಲ. ನನಗೆ ಒಳಗೊಳಗೇ ನಗು. ಕುಮಾರಕೃಪಾ ರಸ್ತೆಯ ಉದ್ದಕ್ಕೂ, ಎರಡೂ ಕಡೆ, ಜನ ತಮ್ಮ ಚಿತ್ರ ಮಾರೋಕ್ಕೆ ಬಿಸಿಲಲ್ಲಿ ಕೂತಿದ್ದಾರೆ. ವಾಹನ ನಿಲ್ಲಿಸಿ ರಸ್ತೆಯನ್ನೇ ಬಿಟ್ಟುಕೊಟ್ಟಿರೋದು ಅದಕ್ಕೇ. ನನ್ನ ಮಗಳೊಬ್ಬಳು ಸಂತೆಯಲ್ಲಿ ಕೂತು ಮಾರಲ್ಲ ಅಂತಾಳೆ!

ನೀನು ಹೇಳಿಕೊಟ್ಟಿದ್ದು ನನಗೆ ಅರ್ಥವಾಗಿರಲಿಲ್ಲ ಅಂತಲ್ಲ. ಝೂರಿಕ್‌ನಲ್ಲಿ ಸ್ಟಿರ್ನೆಮನ್ ಅನ್ನೋ ಕಲಾವಿದ, 1997ರಲ್ಲಿ, ಕೈಯಲ್ಲೇ 1,200 ಕಾರ್ಡು ಮಾಡಿ ಪ್ರದರ್ಶನಕ್ಕಿಟ್ಟ. ಕೊನೇ ದಿನ ಬಂದವರಿಗೆಲ್ಲ ‘ನೀವೂ ಒಂದು ಮಾಡ್ಕೊಂಡು ಬನ್ನಿ, ಬದಲಾಯಿಸಿಕೊಳ್ಳೋಣ’ ಅಂದ. ಅಲ್ಲಿಂದ ಶುರು ಈ ಏಟಿಸಿ, ಅಂದರೆ ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡು. ಅಳತೆ ಎರಡೂವರೆ ಇಂಚು, ಮೂರೂವರೆ ಇಂಚು, ಇಸ್ಪೀಟು ಎಲೆಯಷ್ಟು. ಬಣ್ಣವೋ ಬಟ್ಟೆಯೋ ದಾರವೋ, ಯಾವುದರಲ್ಲಿ ಬೇಕಾದರೂ ಮಾಡು, ಅಳತೆ ಮಾತ್ರ ಮೀರಬಾರದು. ಹಿಂದುಗಡೆ ಹೆಸರು, ತಾರೀಖು, ಸಹಿ. ಮಾರೋ ಹಾಗಿಲ್ಲ, ಅದಲುಬದಲು ಮಾತ್ರ. ಇದನ್ನೆಲ್ಲ ನೀನು ಅಡುಗೆಮನೆ ಕಟ್ಟೆ ಮೇಲೆ ಕೂತು ಹೇಳ್ತಿದ್ದರೆ ನಾನು ಹ್ಞೂಂ ಅಂತಿದ್ದೆ. ಮನಸ್ಸಿನಲ್ಲಿ ಮಾತ್ರ ಬೇರೆ ಲೆಕ್ಕ. 64 ಮಿಲಿಮೀಟರು, 89 ಮಿಲಿಮೀಟರು. ಎ4 ಹಾಳೆಯಲ್ಲಿ ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು, ಒಟ್ಟು ಒಂಬತ್ತು. ತಿರುಗಿಸಿ ಇಟ್ಟರೆ ಎಂಟೇ, ಒಂದು ನಷ್ಟ. ಇಡೀ ಆಯುಷ್ಯ ಮದುವೆ ಕಾರ್ಡು ಕತ್ತರಿಸಿದವನ ತಲೆ ಓಡೋದೇ ಹಾಗೆ.

ನಮ್ಮ ಪ್ರೆಸ್ಸಿನಲ್ಲಿ ಒಂದೇ ಒಂದು ಅನ್ನೋ ವಸ್ತು ಬರೀ ಪ್ರೂಫ್. ಅದಕ್ಕೆ ಬೆಲೆ ಇಲ್ಲ, ತಪ್ಪು ಹುಡುಕಿ ಎಸೆಯೋದು. ಸಾವಿರ ಹೊಡೆದರೆ ಕಾಸು. ಸುಲ್ತಾನಪೇಟೆಯಲ್ಲಿ ಮೂವತ್ತೊಂದು ವರ್ಷ ನಾನು ಒಂದೇ ಗಣಪತಿಯನ್ನ ಎಷ್ಟು ಲಕ್ಷ ಸಲ ನೋಡಿದ್ದೀನೋ. ನೀನು ಚಿಕ್ಕವಳಿದ್ದಾಗ ಸಂಜೆ ನಾನು ಅಂಗಿ ಜೇಬಲ್ಲಿ ತರ್ತಿದ್ದ ಐವರಿ ಕಾರ್ಡಿನ ಕಟ್‌ಪೀಸು ನೆನಪಿದೆಯಲ್ಲ, ಅದು ರದ್ದಿಗೆ ಹೋಗೋ ಮಾಲು. ನೀನು ಅದರ ಮೇಲೆ ಬರೆದದ್ದು ಇವತ್ತೂ ಟ್ರಂಕಿನಲ್ಲಿದೆ. ನಾನು ಎಸೆದೆ ಅಂದುಕೊಂಡಿದ್ದೀಯ, ಇಲ್ಲ.

ಇರಲಿ. ಆ ಇಪ್ಪತ್ತು ನಿಮಿಷ.

ಒಬ್ಬ ಹುಡುಗಿ ಬಂದಳು. ನಿನಗಿಂತ ಎರಡು ಮೂರು ವರ್ಷ ಚಿಕ್ಕವಳಿರಬೇಕು. ಹಳದಿ ಕುರ್ತಾ, ಹೆಗಲಿಗೆ ಬಟ್ಟೆ ಚೀಲ, ಜೊತೆಗೆ ಯಾರೂ ಇಲ್ಲ. ಬಗ್ಗಿ ನೋಡಿದಳು. ನಿನ್ನ ಫೈಲಿನ ಒಂಬತ್ತು ಖಾನೆಯ ಆ ಪ್ಲಾಸ್ಟಿಕ್ ಹಾಳೆ ತಿರುಗಿಸಿದಳು. ‘ಅಂಕಲ್, ಗಾಂಧಿಬಜಾರಿನ ಈ ಹೂವಿನ ಬುಟ್ಟಿ ಕೊಡ್ತೀರಾ’ ಅಂದಳು. ನಾನು ಬೋರ್ಡು ತೋರಿಸಿದೆ. ‘ನನಗೆ ಬರೆಯೋಕ್ಕೆ ಬರಲ್ಲ, ದುಡ್ಡು ಕೊಡ್ತೀನಿ’ ಅಂದಳು. ಅಲ್ಲಿ ನಾನು ಸ್ಟೂಲು ತೋರಿಸಬೇಕಿತ್ತು. ‘ಬರದೇ ಇದ್ದರೂ ಪರವಾಗಿಲ್ಲಮ್ಮಾ, ಕೂತ್ಕೊಂಡು ಏನಾದರೂ ಗೀಚು’ ಅಂತ ನೀನು ಎಲ್ಲರಿಗೂ ಹೇಳ್ತಿದ್ದೆ. ನಾನು ಹೇಳಲಿಲ್ಲ.

ನೀನು ಬಂದಾಗ ನಾನು ನಿನ್ನ ಕೈಗೆ ಐನೂರರ ನೋಟು ಇಟ್ಟೆ. ಇಷ್ಟು ನಿನಗೆ ಗೊತ್ತು.

ಆಮೇಲೆ ನಾನು ವಾದಕ್ಕೆ ಸರಕು ಹುಡುಕಿದೆ ಅಂತ ಒಪ್ಪಿಕೊಳ್ತೀನಿ. ರಾತ್ರಿ ಮೊಬೈಲಿನಲ್ಲಿ ಕೂತು ಓದಿದೆ. ಇದೇ ಅಳತೆಯ ಕಾರ್ಡನ್ನ ಮಾರೋರೂ ಇದ್ದಾರಂತಲ್ಲ, ಇಬೇಯಲ್ಲಿ, 2004ರಿಂದ. ಮಾರೋದಕ್ಕೆ ಅಂತಲೇ ಬೇರೆ ಹೆಸರಿಟ್ಟಿದ್ದಾರೆ, ಎಸಿಇಒ ಅಂತ. ‘ನೋಡು, ನಾನು ಮಾಡಿದ್ದು ಏಟಿಸಿಗೆ ತಪ್ಪು, ಎಸಿಇಒಗೆ ಸರಿ’ ಅಂತ ನಿನಗೆ ಮೆಸೇಜು ಕಳಿಸಿದ್ದು ಅದಕ್ಕೇ. ಕಳಿಸಿ ಐದು ನಿಮಿಷಕ್ಕೆ ನನಗೇ ನಾಚಿಕೆಯಾಯ್ತು. ನಿಮ್ಮಮ್ಮ ಭುಜದ ಮೇಲಿಂದ ಓದಿ, ‘ವಕೀಲರ ಮನೆಯಲ್ಲಿ ಹುಟ್ಟಬೇಕಾಗಿತ್ತು ನೀವು’ ಅಂದಳು. ಸಂತೆಯಾದ ಮೇಲೆ ಅವಳು ನನಗೆ ಆಡಿರೋ ಪೂರ್ತಿ ವಾಕ್ಯ ಅದೊಂದೇ.

ಬೆಲೆಯ ವಿಷಯ ಬಂತು ಅಂತ ಒಂದು ಮಾತು ಹೇಳ್ತೀನಿ, ಸಿಟ್ಟಾಗಬೇಡ. ನೀನು ರಿಂಗ್ ರೋಡಿನ ಕಂಪನಿ ಕೆಲಸ ಬಿಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ಇದೆ, ಸ್ವಲ್ಪ ಇದೆ. ಗಂಜೀಫಾ, ಅದೇ ಕೈಯಲ್ಲೇ ಚಿತ್ರ ಬರೆಯೋ ಹಳೇ ಕಾಲದ ಇಸ್ಪೀಟು ಎಲೆ, ಕಲೀತೀನಿ ಅಂತ ಹೋಗಿದ್ದೀಯ, ಒಳ್ಳೇದು. ನಾನೂ ಓದಿದೆ ಅದರ ಬಗ್ಗೆ. ದಶಾವತಾರದ ಜೋಡಿಗೆ 120 ಎಲೆ, ಒಂದೊಂದು ಅವತಾರಕ್ಕೆ ಹನ್ನೆರಡು; ರಾಜ, ಮಂತ್ರಿ, ಆಮೇಲೆ ಒಂದರಿಂದ ಹತ್ತು. ಎಲ್ಲ ಗುಂಡಗೆ. ಗುಂಡಗಿರೋದನ್ನ ಕಟಿಂಗ್ ಮೆಷಿನ್ ಕತ್ತರಿಸಲ್ಲ, ಡೈ ಬೇಕು. ಆ ಕಾಲದವರು ಕೈಯಲ್ಲೇ ಹೇಗೆ ಅಷ್ಟು ಸಮವಾಗಿ ತೆಗೀತಿದ್ದರೋ ನನಗೆ ಇವತ್ತೂ ಆಶ್ಚರ್ಯ, ನಿನ್ನ ಗುರುಗಳನ್ನ ಕೇಳಿ ಹೇಳು. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಈ ಎಲೆಯಾಟಗಳನ್ನೆಲ್ಲ ಬರೆಸಿಟ್ಟರು. ಸರಿ. ಆದರೆ ಅವರು ಮಹಾರಾಜರು, ಬರೆಯೋರಿಗೆ ಅರಮನೆ ಅನ್ನ ಹಾಕ್ತಿತ್ತು. ನಿನ್ನ ರೂಮಿನ ಬಾಡಿಗೆ ಯಾವ ಅರಮನೆ ಕಟ್ಟುತ್ತೆ? ಪಿಎಫ್ ಮುಟ್ಟಬೇಡ. ಐದು ವರ್ಷ ತುಂಬದೆ ತೆಗೆದರೆ ಟ್ಯಾಕ್ಸ್ ಬೀಳುತ್ತೆ, ನಿನ್ನದು ನಾಲ್ಕೂ ಚಿಲ್ಲರೆ. ಕಂಪನಿಯ ಇನ್ಶೂರೆನ್ಸ್ ನಿಂತಿರುತ್ತೆ, ಬೇರೆ ಮಾಡಿಸು, ಇದೇ ತಿಂಗಳು ಮಾಡಿಸು. ರಾತ್ರಿ ದೀಪದಲ್ಲಿ ಸೊನ್ನೆ ನಂಬರಿನ ಕುಂಚ ಹಿಡಿದು ಕೂರಬೇಡ, ಕಣ್ಣು ಒಮ್ಮೆ ಹೋದರೆ ಬರಲ್ಲ. ನಮ್ಮ ಕಂಪೋಸಿಂಗ್ ರಾಯರು ನಲವತ್ತಕ್ಕೇ ಅಚ್ಚಿನ ಮೊಳೆ ತಡವಿ ತಡವಿ ಜೋಡಿಸ್ತಿದ್ದರು. ಮದುವೆ ವಿಷಯ ನಾನು ಎತ್ತಲ್ಲ ಅಂತ ಮಾತು ಕೊಟ್ಟಿದ್ದೀನಿ, ಎತ್ತಲ್ಲ.

ನೋಡು, ಸುರುವಾದರೆ ನಿಲ್ಲಲ್ಲ. ಸಮಾಧಾನ ಮಾಡೋಣ ಅಂತ ಕೂತಿದ್ದು. ಹೊಡೆದುಹಾಕೋಣ ಅಂದರೆ ಕಾಗದ ಗಲೀಜಾಗುತ್ತೆ, ಇರಲಿ.

ಮತ್ತೆ ಆ ಹುಡುಗಿ ಹತ್ತಿರ ಬರ್ತೀನಿ. ಸರ್ಕಲ್ಲಿನಲ್ಲಿ ನೀನು ಅಂದೆ, ‘ನಿನಗೆ ಅದರ ಬೆಲೆ ಗೊತ್ತಾಗಲಿಲ್ಲ, ಯಾವುದೋ ಒಂದು ಕಾರ್ಡು ಅಂತ ಕೊಟ್ಟುಬಿಟ್ಟೆ’ ಅಂತ. ನಾನು ಹೌದು ಅಂದೆ. ದುಡ್ಡಿನ ಆಸೆಯ ಮುದುಕ ಅಂತಲೇ ಅಂದುಕೋ ಅನ್ನಿಸಿತು ಆಗ. ಅದು ಹಗುರ. ನಿಜ ಅದಲ್ಲ ಮೇಘಾ.

ಆ ಹುಡುಗಿ ಕೇಳಿದ್ದು ಹೂವಿನ ಬುಟ್ಟಿ. ಅದು ಮೇಲಿನ ಸಾಲಿನಲ್ಲಿತ್ತು. ನಾನು ‘ಅದು ಆಗಲ್ಲಮ್ಮಾ’ ಅಂದು ಕೊನೇ ಸಾಲಿನ ಕೊನೇ ಖಾನೆಗೆ ಕೈಹಾಕಿ ಅದನ್ನ ತೆಗೆದೆ. ‘ಇದು ಬೇಕಾದರೆ ತಗೋ’ ಅಂದೆ. ನಾನೇ ತೆಗೆದುಕೊಟ್ಟೆ. ಅವಳು ಕೇಳಿರಲಿಲ್ಲ.

ಅದನ್ನ ನಾನು ಬೆಳಗ್ಗೆಯೇ ನೋಡಿದ್ದೆ. ನೀನು ಟೇಬಲ್ಲಿಗೆ ಬಟ್ಟೆ ಹಾಸ್ತಿದ್ದಾಗ ಫೈಲು ತಿರುವಿದ್ದೆ. ಕಟಿಂಗ್ ಮೆಷಿನ್ನಿನ ಹಾಸು, ಅದರ ಮೇಲೆ ಹಾಳೆಯ ಅಡಕು, ಅಡಕಿನ ಮೇಲೆ ಎಡಗೈ. ತೋರುಬೆರಳು ಮೊದಲ ಗೆಣ್ಣಿಗೇ ನಿಂತಿದೆ. ನಡುಬೆರಳಿನ ಉಗುರಿನ ಸಂದಿಯಲ್ಲಿ ಕರೀ ಇಂಕು, ಮಣಿಕಟ್ಟಿನ ಹತ್ತಿರ ಅಂಗಿ ತೋಳು ಎರಡು ಮಡಿಕೆ. ಆ ಮೊಂಡು ತುದಿ ನುಣುಪಾಗಿ ಗುಲಾಬಿ ಹೊಳೆಯುತ್ತಲ್ಲ, ಅಲ್ಲೊಂದು ಚುಕ್ಕೆ ಬಿಳಿ ಇಟ್ಟಿದ್ದೀಯ, ಸಾಸಿವೆಯಷ್ಟೂ ಇಲ್ಲ. ಅದು ಯಾವಾಗ ನೋಡಿದೆ ನೀನು? ನಾನು ಯಾರಿಗೂ ತೋರಿಸಲ್ಲ ಅಂದುಕೊಂಡಿದ್ದೆ. ಊಟಕ್ಕೆ ಕೂತಾಗ ಎಡಗೈ ತೊಡೆ ಮೇಲೆ, ಬಸ್ಸಿನಲ್ಲಿ ಬಲಗೈಯಲ್ಲೇ ಕಂಬಿ, ನಿನ್ನ ಸ್ಕೂಲಿನ ಪೇರೆಂಟ್ಸ್ ಮೀಟಿಂಗಿಗೆ ಬಂದರೆ ಪ್ಯಾಂಟಿನ ಜೇಬಲ್ಲಿ. ನಿಮ್ಮ ಮಿಸ್ಸು ಒಂದು ಸಲ ‘ನಿಮ್ಮ ತಂದೆಗೆ ಬಹಳ ಜಂಬ, ಜೇಬಿಂದ ಕೈಯೇ ತೆಗೆಯಲ್ಲ’ ಅಂದರಂತೆ, ನೀನೇ ಬಂದು ಹೇಳಿದ್ದೆ. ಜಂಬ ಅಂದುಕೊಳ್ಳಲಿ ಅಂತ ಸುಮ್ಮನಾದೆ.

ಕಾರ್ಡು ಎರಡು ಗ್ರಾಮೂ ತೂಗಲ್ಲ. ಲೆಕ್ಕ ಹಾಕಿದ್ದೀನಿ, 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗೋ ಕಾಗದ, ಈ ಅಳತೆಗೆ ಒಂದೂ ಮುಕ್ಕಾಲು ಗ್ರಾಂ ಹತ್ತಿರ. ಅದು ಇಡೀ ಬೆಳಗ್ಗೆ ಆ ಟೇಬಲ್ ಮೇಲೆ, ನೂರಾರು ಜನದ ಎದುರಿಗೆ, ನನ್ನನ್ನ ನೋಡ್ತಾ ಇತ್ತು. ಬಂದೋರು ಬಗ್ಗಿ ನೋಡಿದಾಗೆಲ್ಲ ನಾನು ಎಡಗೈಯನ್ನ ಟೇಬಲ್ ಬಟ್ಟೆ ಕೆಳಗೆ ಎಳ್ಕೊಳ್ತಿದ್ದೆ. ದೊಡ್ಡ ಚಿತ್ರವಾದರೆ ದೂರದಿಂದ ನೋಡಿ ಮುಂದೆ ಹೋಗ್ತಾರೆ. ನಿನ್ನದಕ್ಕೆ ಮೂಗು ತಾಗೋವಷ್ಟು ಹತ್ತಿರ ಬರಬೇಕು, ಬಂದರೆ ಬಿಟ್ಟು ಹೋಗಲ್ಲ.

ಆ ಹುಡುಗಿಯೂ ಹಾಗೇ ನೋಡಿದಳು. ಕಾರ್ಡು ನೋಡಿದಳು. ಆಮೇಲೆ ನಾನು ಕಾರ್ಡು ಹಿಡಿದಿದ್ದ ಕೈ ನೋಡಿದಳು. ಅವಸರದಲ್ಲಿ ಎಡಗೈಯಲ್ಲೇ ಹಿಡಿದಿದ್ದೆ.

‘ಇದು ನಿಮ್ಮ ಕೈನಾ ಅಂಕಲ್?’ ಅಂದಳು.

‘ಅಲ್ಲ’ ಅಂದೆ.

ಆ ಹುಡುಗಿ ಏನೂ ಅನ್ನಲಿಲ್ಲ. ಕಾರ್ಡು ತಿರುಗಿಸಿ ಹಿಂದುಗಡೆ ಓದಿದಳು. ನಾನೂ ಓದಿದೆ, ಅದುವರೆಗೆ ಹಿಂದುಗಡೆ ನೋಡಿರಲಿಲ್ಲ. ನಿನ್ನ ಸಣ್ಣ ಅಕ್ಷರ. ‘ಅಪ್ಪ. 1/1.’ ಕೆಳಗೆ ತಾರೀಖು, ಸಹಿ. ಅಷ್ಟು ಓದಿದ ಮೇಲಾದರೂ ವಾಪಸ್ ಇಸ್ಕೋಬಹುದಿತ್ತು. ‘ಎಷ್ಟು’ ಅಂತ ಅವಳು ಕೇಳಿದಳು. ಬೇಗ ಹೋಗಲಿ ಅಂತ ‘ಐನೂರು’ ಅಂದೆ. ಹೆಚ್ಚು ಹೇಳಿದರೆ ಬಿಟ್ಟು ಹೋಗ್ತಾಳೇನೋ ಅಂತಲೂ ಇತ್ತು. ನಾನು ಬೇಡ ಅಂದಿದ್ದು ದುಡ್ಡಲ್ಲ, ಆ ಕಾರ್ಡು.

ಇದನ್ನ ಬರೆಯೋಕ್ಕೆ ಹತ್ತೊಂಬತ್ತು ದಿನ ಬೇಕಾಯ್ತು. ಐದು ಪುಟ ಬೇರೆ.

ನೀನು ಎರಡನೇ ಕ್ಲಾಸಿನಲ್ಲಿದ್ದಾಗ ‘ಅಪ್ಪಾ, ನಿನ್ನ ಬೆರಳು ಎಲ್ಲಿಗೆ ಹೋಯ್ತು’ ಅಂತ ಕೇಳಿದ್ದೆ. ‘ಮೈಸೂರಿಗೆ ಹೋಗಿದೆ, ದಸರಾ ನೋಡ್ಕೊಂಡು ಬರುತ್ತೆ’ ಅಂದಿದ್ದೆ. ಆ ವರ್ಷ ದಸರಾ ಮುಗಿದ ಮೇಲೆ ದಿನಾ ಬಂದು ನನ್ನ ಕೈ ಬಿಡಿಸಿ ನೋಡ್ತಿದ್ದೆ, ಬಂತಾ ಅಂತ. ಆವತ್ತು ನಿನಗೆ ತೋರಿಸೋಕ್ಕೆ ನಾಚಿಕೆ ಇರಲಿಲ್ಲ ನನಗೆ. ಯಾವಾಗ ಶುರುವಾಯ್ತೋ ಗೊತ್ತಿಲ್ಲ. ನೀನು ಇಂಗ್ಲಿಷಿನಲ್ಲಿ ಫೋನ್ ಮಾತಾಡೋದು ಕಲಿತ ಮೇಲಿರಬೇಕು. ಇದು ನಿನ್ನ ತಪ್ಪು ಅಂತ ಬರೀತಿಲ್ಲ.

ಕ್ಷಮಿಸು ಅಂತ ಕೇಳಬೇಕು, ಕೇಳಿದ್ದೀನಿ ಅಂತ ತಿಳ್ಕೋ. ಇನ್ನೊಂದು ಬರೆದುಬಿಡು ಅಂತ ಮಾತ್ರ ಕೇಳಲ್ಲ. ಒಂದರಲ್ಲಿ ಒಂದು ಅಂತ ನೀನೇ ಬರೆದಿದ್ದೀಯ, ಅದರ ಅರ್ಥ ಪ್ರೆಸ್ಸಿನವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹುಡುಗಿಯನ್ನ ಹುಡುಕಿದೆ. ಪಕ್ಕದ ಜಾಗದಲ್ಲಿ ಮೈಸೂರು ಶೈಲಿಯ ಚಿತ್ರ ಇಟ್ಟಿದ್ದವರ ನಂಬರು ನಿನ್ನ ಗೆಳತಿಯಿಂದ ಇಸ್ಕೊಂಡು ಫೋನು ಮಾಡಿದೆ. ಅವರಿಗೆ ಹಳದಿ ಕುರ್ತಾ ನೆನಪಿದೆ, ಹೆಸರು ಗೊತ್ತಿಲ್ಲ. ಅವರ ಹತ್ತಿರವೂ ಚೌಕಾಸಿ ಮಾಡಿ ಏನೂ ಕೊಳ್ಳದೆ ಹೋದಳಂತೆ. ಮುಂದಿನ ಜನವರಿಯಲ್ಲಿ ಸಂತೆಗೆ ಬಂದರೆ ನಾನು ಗುರುತು ಹಿಡೀತೀನಿ. ಸಿಕ್ಕರೂ ವಾಪಸ್ ಕೇಳೋದಿಲ್ಲ ಅಂದುಕೊಂಡಿದ್ದೀನಿ. ಹೌದು, ನನ್ನದೇ ಕೈ ಅಂತ ಹೇಳಿ ಬರ್ತೀನಿ.

ನೋಟು ನೀನು ನೆಲಕ್ಕೆ ಬಿಟ್ಟಿದ್ದನ್ನ ನಾನು ಎತ್ಕೊಂಡಿದ್ದೆ. ಖರ್ಚು ಮಾಡಿಲ್ಲ. ನೀನು ಫೈಲು ಇಲ್ಲೇ ಬಿಟ್ಟು ಹೋಗಿದ್ದೀಯ, ಆ ಹಾಳೆಯಲ್ಲಿ ಒಂಬತ್ತನೇ ಖಾನೆ ಖಾಲಿ. ಐನೂರರ ನೋಟು 66 ಮಿಲಿಮೀಟರು ಅಗಲ, 150 ಉದ್ದ. ಅರ್ಧಕ್ಕೆ ಮಡಿಸಿದರೆ ಆ ಖಾನೆಗೆ ಬಿಗಿಯಾಗಿ ಕೂರುತ್ತೆ, ಮೇಲೊಂದಿಷ್ಟು ಜಾಗ ಉಳಿಯುತ್ತೆ. ಅಲ್ಲೇ ಇಟ್ಟಿದ್ದೀನಿ. ಬೇಡ ಅನ್ನಿಸಿದರೆ ತೆಗೆದುಹಾಕು, ನಾನು ತೆಗೆಯಲ್ಲ.

ಈ ಕಾಗದದ ಜೊತೆ ಒಂದು ಪಾರ್ಸೆಲ್ಲು ಬರುತ್ತೆ. ಹತ್ತು ಹಾಳೆ, ತೊಂಬತ್ತು ಕಾರ್ಡು, ನೀನು ತರಿಸ್ತಿದ್ದ ಅದೇ ವಾಟರ್‌ಕಲರ್ ಪೇಪರು. ನೀನು ಕಟರು, ಸ್ಕೇಲು ಇಟ್ಟು ಕತ್ತರಿಸಿದರೆ ಅಂಚು ಒಂದು ಕೂದಲಷ್ಟು ಹೋಗುತ್ತೆ, ನಾನು ಎಷ್ಟೋ ಸಲ ನೋಡಿ ಸುಮ್ಮನಿದ್ದೀನಿ. ಹಳೇ ಪ್ರೆಸ್ಸಿಗೆ ಹೋಗಿ ಕತ್ತರಿಸಿದೆ. ಹುಡುಗ ‘ಕೊಡಿ ಸಾರ್, ನಾನೇ ಮಾಡ್ತೀನಿ’ ಅಂದ, ಬೇಡ ಅಂದೆ. ಈಗಿನ ಮೆಷಿನ್ನಿನಲ್ಲಿ ಎರಡು ಬಟನ್ನು, ಎರಡು ಕೈಯಲ್ಲೂ ಒಟ್ಟಿಗೆ ಒತ್ತಿದರಷ್ಟೇ ಬ್ಲೇಡು ಇಳಿಯುತ್ತೆ. ನಮ್ಮ ಕಾಲದ್ದಕ್ಕೆ ಅದಿರಲಿಲ್ಲ. ಗ್ರೈನು, ಅಂದರೆ ಕಾಗದದ ನಾರು, ಉದ್ದಕ್ಕೆ ಬರೋ ಹಾಗೆ ಇಟ್ಟು ಕತ್ತರಿಸಿದ್ದೀನಿ, ನೀರು ಹಾಕಿದರೂ ಉದ್ದಕ್ಕೆ ಬಾಗಲ್ಲ. ಮೇಲಿನದೊಂದು, ಕೆಳಗಿನದೊಂದು ಕ್ಲ್ಯಾಂಪಿನ ಗುರುತು ಬಿದ್ದಿದೆ, ಅವೆರಡನ್ನ ಬಣ್ಣ ಪರೀಕ್ಷೆಗೆ ಇಟ್ಕೋ. ನಿಮ್ಮಮ್ಮ ಮೆಂತ್ಯದ ಹಿಟ್ಟು ಕಟ್ಟಿಕೊಟ್ಟಿದ್ದಾಳೆ, ಕಾರ್ಡಿನಿಂದ ದೂರ ಇಡಬೇಕಂತೆ, ವಾಸನೆ ಹಿಡಿಯುತ್ತೆ.

ಬರೋ ಭಾನುವಾರದ ಆಚೆ ಭಾನುವಾರ ಬೆಳಗಿನ ರೈಲಿಗೆ ಬರೋಣ ಅಂತಿದ್ದೀನಿ. ಬೇಡ ಅನ್ನೋದಾದರೆ ನಿಮ್ಮಮ್ಮನಿಗೆ ಹೇಳು, ಅವಳು ನನಗೆ ಹೇಳ್ತಾಳೆ. ಆ ನೆಪದಲ್ಲಿ ಅವಳೂ ಮಾತಾಡಿದ ಹಾಗಾಯ್ತು.

ಇಂತಿ,
ಅಪ್ಪ